ತಂಬಿಗೆ ಇದ್ದ ಜಾಗ

ಪೂಜ್ಯ ಶ್ರೀ ಶಾಂತಮಲ್ಲ ಮಹಾಸ್ವಾಮಿಗಳವರು ಹೊನ್ನಕಟ್ಟೆಯ ವಿರಕ್ತಮಠದ ಪೀಠಾಧಿಪತಿಗಳಾಗಿದ್ದುದು ಮೂವತ್ತೆಂಟು ವರ್ಷ. ಅಷ್ಟೂ ವರ್ಷಗಳಲ್ಲಿ ಅವರು ಪೀಠದ ಮೇಲೆ ಕುಳಿತಿದ್ದನ್ನು ಕಂಡವರು ಬಹಳ ಕಡಿಮೆ. ಅವರ ದರ್ಶನ ಬೇಕೆಂದವರು ದಾಸೋಹದ ಮನೆಯ ಪಡಸಾಲೆಗೇ ಹೋಗಬೇಕಿತ್ತು. ಅಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು, ಗೋಣಿತಟ್ಟಿನ ಮೇಲೆ ಕುಳಿತು ಪೂಜ್ಯರು ಮುತ್ತುಗದ ಎಲೆಗಳ ಪತ್ರಾವಳಿ ಹಚ್ಚುತ್ತಿದ್ದರು. ಮಠದಲ್ಲಿ ಉಂಡವರೆಲ್ಲರ ಮುಂದೆ ಹಾಸಿದ್ದು ಅವರ ಕೈಯ ಎಲೆಯೇ. ಆದ್ದರಿಂದ ಜನ ಅವರನ್ನು ಪತ್ರಾವಳಿ ಅಜ್ಜನವರು ಎಂದೇ ಕರೆಯುತ್ತಿದ್ದರು.

ಆ ಪಡಸಾಲೆಗೊಂದು ಕಟ್ಟಳೆಯಿತ್ತು. ಅಜ್ಜನವರ ಎಡಕ್ಕೆ ಎಲೆಯ ರಾಶಿ, ಬಲ ಮೊಣಕಾಲಿನ ಬಳಿ ಎಲೆ ಚುಚ್ಚಿ ಕೂಡಿಸುವ ಕಡ್ಡಿಗಳ ಬಟ್ಟಲು, ಅದರಾಚೆ ಒಂದು ಗೇಣು ಬಿಟ್ಟು ಎಲೆಗೆ ಚಿಮುಕಿಸುವ ನೀರಿನ ತಂಬಿಗೆ, ಬೆನ್ನ ಹಿಂದೆ ಹಚ್ಚಿ ಮುಗಿಸಿದ ಪತ್ರಾವಳಿಗಳ ಕಟ್ಟು. ಇವುಗಳನ್ನು ಯಾರೂ ಬೆರಳಷ್ಟು ಕೂಡ ಸರಿಸುವಂತಿರಲಿಲ್ಲ. “ಇಲ್ಲಿದ್ದದ್ದು ಇಲ್ಲೇ ಇರಲಿ” ಎಂದು ಅಜ್ಜನವರು ಒಮ್ಮೆ ಅಪ್ಪಣೆ ಕೊಡಿಸಿದ್ದರು. ಕಾರಣ ಹೇಳಿರಲಿಲ್ಲ. ಗುರುಗಳು ಹೇಳದೆ ಬಿಟ್ಟ ಕಾರಣವನ್ನು ಭಕ್ತರು ಒದಗಿಸದೆ ಬಿಡುತ್ತಾರೆಯೇ? ಅದು ಮಡಿ ಎಂದರು ಕೆಲವರು. ತಂಬಿಗೆಯಲ್ಲಿ ಮಂತ್ರದ ನೀರಿದೆ ಎಂದರು ಇನ್ನು ಕೆಲವರು. ನೆರೆಯೂರಿನಿಂದ ಬಂದವನೊಬ್ಬ ಅದನ್ನು ಸರಿಸಿ ಮೂರು ದಿನ ಹೊಟ್ಟೆನೋವಿನಿಂದ ಒದ್ದಾಡಿದನಂತೆ. ಅಂದು ದಾಸೋಹದಲ್ಲಿ ಅವನು ಎಷ್ಟು ಗೋಧಿ ಹುಗ್ಗಿ ಉಂಡಿದ್ದನೆಂಬುದನ್ನು ಯಾರೂ ವಿಚಾರಿಸಲಿಲ್ಲ.

ಈ ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ಕಾಯುತ್ತಿದ್ದವನು ರಾಚಪ್ಪ ಗುಡಗುಂಟಿ. ತಾಲೂಕಿನ ಪೇಟೆಯಲ್ಲಿ ಅವನದು ಗಿಡಮೂಲಿಕೆಯ ದೊಡ್ಡ ಅಂಗಡಿ. ಬೇರು, ತೊಗಟೆ, ಕಾಯಿ, ಲೋಬಾನ, ಬಾಣಂತಿಯ ಖಾರದ ಸಾಮಾನು, ಏನು ಬೇಕೆಂದರೂ ಸುತ್ತಲಿನ ಹಳ್ಳಿಗಳವರು ಅಲ್ಲಿಗೇ ಬರಬೇಕು. ಪ್ರತಿ ಸೋಮವಾರ ಅವನು ಮಠಕ್ಕೆ ಬಂದು ಅಜ್ಜನವರಿಂದ ಎರಡು ಮಾರು ದೂರ ಕುಳಿತುಕೊಳ್ಳುತ್ತಿದ್ದ. ಯಾರಾದರೂ ತಂಬಿಗೆಯ ಹತ್ತಿರ ಸುಳಿದರೆ ಅವನ ಹುಬ್ಬು ಮೇಲೇರುತ್ತಿತ್ತು. ಒಮ್ಮೆ ಅವನ ಸ್ವಂತ ಮಗಳೇ ಕಾಯಿ-ಹಣ್ಣಿನ ತಟ್ಟೆಯಿಡಲೆಂದು ಕಡ್ಡಿಯ ಬಟ್ಟಲನ್ನು ಸರಿಸಹೋದಾಗ, ಗಂಡನ ಮನೆಯವರ ಎದುರಿಗೇ ಅವಳನ್ನು ಗದರಿಸಿದ್ದ. ಒಳ್ಳೆಯ ಮನುಷ್ಯ. ಆದರೆ ತನ್ನ ಒಳ್ಳೆಯತನ ತನಗೆ ಚೆನ್ನಾಗಿ ಗೊತ್ತಿದ್ದ ಮನುಷ್ಯ.

ಆ ಸೋಮವಾರ ಅವನು ಬಂದಾಗ ಮುಖ ಬಾಡಿತ್ತು. ಅದಕ್ಕೆ ಕಾರಣ ದಾವಲಸಾಬ.

ದಾವಲಸಾಬ ರಾಚಪ್ಪನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಗಿರಾಕಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವನ ಕೈ ಡಬ್ಬಿಯೊಳಗಿರುತ್ತಿತ್ತು. ಹಿಪ್ಪಲಿ ಹಳೆಯದೋ ಹೊಸದೋ ಎಂಬುದನ್ನು ಉಗುರಿನಿಂದ ಒತ್ತಿ ಹೇಳುತ್ತಿದ್ದ. ಮಾಲು ಖರೀದಿಗೆ ಹೋದಾಗ ರಾಚಪ್ಪ ಅವನ ಮೂಗನ್ನು ನಂಬುತ್ತಿದ್ದನೇ ಹೊರತು ವ್ಯಾಪಾರಿಯ ಆಣೆಯನ್ನಲ್ಲ. ಇಂಥವನ ಕಣ್ಣು ಎರಡು ವರ್ಷಗಳಿಂದ ಮಬ್ಬಾಗುತ್ತ ಬಂದು, ಕೊನೆಗೆ ಪೂರ್ತಿ ಹೋಗಿಬಿಟ್ಟಿತು. ಕಣ್ಣಿನ ನರ ಒಣಗಿದೆ, ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಆಮೇಲೂ ಅವನು ಕೆಲಸಕ್ಕೆ ಬಂದ. ಆದರೆ ಡಬ್ಬಿಗಳಿಗಾಗಿ ತಡಕಾಡತೊಡಗಿದ. ಒಮ್ಮೆ ದಾರಿಯಲ್ಲಿ ಯಾರೋ ಇಟ್ಟ ಚೀಲಕ್ಕೆ ಎಡವಿ ಬಿದ್ದ. ಜೇನಿನ ಗಾಜಿನ ಭರಣಿಯೊಂದು ಒಡೆಯಿತು. ಔಷಧದ ಅಂಗಡಿಯಲ್ಲಿ ಕುರುಡನೇ ಎಂದು ಗಿರಾಕಿಗಳು ಗೊಣಗಿದರು.

ರಾಚಪ್ಪ ಅವನನ್ನು ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, “ದಾವಲಾ, ನೀ ದುಡಿದಿದ್ದು ಸಾಕು. ಮನ್ಯಾಗ ಆರಾಮ ಕೂಡು. ತಿಂಗಳಾ ತಿಂಗಳಾ ಜ್ವಾಳದ ಚೀಲ ಕಳಸ್ತೀನಿ” ಎಂದ. ಪೇಟೆಯೆಲ್ಲ ಹೊಗಳಿತು. ಮೊದಲ ತಿಂಗಳ ಚೀಲ ಹೋಯಿತು. ಎರಡನೆಯ ತಿಂಗಳು ದಾವಲಸಾಬ ನೆರೆಯವನೊಬ್ಬನ ಕೈ ಹಿಡಿದು, ಆ ತಿಂಗಳ ಚೀಲವನ್ನು ಹೆಗಲ ಮೇಲೆ ಹೊತ್ತು ಬಂದು ಅಂಗಡಿಯ ಹೊಸ್ತಿಲಲ್ಲಿ ಇಳಿಸಿದ.

“ಮಾಲಕ್ರ, ನಾ ದುಡಿದ್ರ ಇದು ನಂದು. ದುಡೀದಿದ್ರ ನಿಮ್ದು” ಎಂದು ಹೇಳಿ ಹೊರಟುಹೋದ.

ಈ ಮಾತು ರಾಚಪ್ಪನಿಗೆ ಚುಚ್ಚಿತು. ಕೊಟ್ಟ ಕೈಯನ್ನೇ ತಳ್ಳಿದನಲ್ಲ ಎಂದು ನಾಲ್ಕು ದಿನ ಅನ್ನ ರುಚಿಸಲಿಲ್ಲ. ಅಜ್ಜನವರ ಮುಂದೆ ಎಲ್ಲವನ್ನೂ ಹೇಳಿಕೊಂಡರೆ ಅವರು ದಾವಲಸಾಬನನ್ನು ಕರೆಸಿ ಬುದ್ಧಿ ಹೇಳಿಯಾರು, ತನ್ನ ಧರ್ಮವನ್ನೂ ಮೆಚ್ಚಿಯಾರು ಎಂಬ ಆಸೆಯಿಂದ ಬಂದಿದ್ದ. ಪಡಸಾಲೆಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಒಳಗೆ ದಾಸೋಹದ ಅಡುಗೆ ನಡೆದಿತ್ತು.

ಅವನು ಹೇಳುತ್ತ ಹೋದ. ಅಜ್ಜನವರು ಎಲೆಗೆ ಎಲೆ ಕೂಡಿಸುತ್ತ ಕೇಳುತ್ತಿದ್ದರು. ಅವರ ದೃಷ್ಟಿ ಎಂದಿನಂತೆ ಎದುರಿಗಿದ್ದವನ ಕಿವಿಯ ಪಕ್ಕದಿಂದ ಹಾದು ಎಲ್ಲೋ ನೆಟ್ಟಿತ್ತು. ಅಜ್ಜನವರು ಮನುಷ್ಯರನ್ನು ನೋಡುವುದಿಲ್ಲ, ಅವರ ಹಿಂದೆ ನಿಂತ ಶಿವನನ್ನು ನೋಡುತ್ತಾರೆ ಎಂದು ಭಕ್ತರು ಹೇಳುತ್ತಿದ್ದುದು ಇದನ್ನೇ.

“ಅಂವಗ ಕೆಲಸ ಮರತೈತೇನು?” ಎಂದು ಪೂಜ್ಯರು ಕೇಳಿದರು.

“ಮರತಿಲ್ರಿ ಅಜ್ಜಾರ. ಆದ್ರ ಕಣ್ಣಿಲ್ಲದಾಂವ ಕೆಲಸ ಹ್ಯಾಂಗ ಮಾಡ್ತಾನ್ರಿ? ನನ್ನದು ಔಷಧದ ವ್ಯಾಪಾರ. ಒಂದರ ಬದಲಿ ಇನ್ನೊಂದು ಕೊಟ್ರ ಯಾರದರ ಜೀವಕ್ಕ ಕುತ್ತು. ನೀವ ಹೇಳ್ರಿ, ನಾ ಏನು ತಪ್ಪು ಮಾಡೀನಿ?”

ಮಾತಿನ ಆವೇಗದಲ್ಲಿ ರಾಚಪ್ಪ ಮುಂದಕ್ಕೆ ಸರಿದಿದ್ದ. ಪಾದ ಹಿಡಿಯುವ ಆತುರದಲ್ಲಿ ಕೈಗೆ ಅಡ್ಡವಾಗಿದ್ದುದೇನೆಂದು ಕೂಡ ನೋಡದೆ ಅದನ್ನು ಎತ್ತಿ ತನ್ನ ಹಿಂದೆ ಇಟ್ಟ. ಹನ್ನೊಂದು ವರ್ಷ ತಾನೇ ಕಾವಲು ಕಾಯ್ದ ತಂಬಿಗೆ ಅದು.

ಅಜ್ಜನವರ ಕೈಯಲ್ಲಿದ್ದ ಎಲೆ ಒಣಗಿತ್ತು. ನೀರು ಚಿಮುಕಿಸಲೆಂದು ಬಲಗೈ ಚಾಚಿದರು. ಆ ಕೈ ನೇರವಾಗಿ ತಂಬಿಗೆ ಇರಬೇಕಾದಲ್ಲಿಗೆ ಹೋಗಿ, ಬರಿಯ ಗಾಳಿಯನ್ನು ಹಿಡಿಯಿತು. ನೆಲ ಮುಟ್ಟಿತು. ಒಂದು ಗೇಣು ಆಚೆ ತಡವಿತು, ಒಂದು ಗೇಣು ಈಚೆ ತಡವಿತು. ತಂಬಿಗೆ ರಾಚಪ್ಪನ ಹಿಂದೆ, ಕಣ್ಣಿದ್ದವರಿಗೆ ಎದ್ದು ಕಾಣುವಂತೆ, ಬೆಳಗಿದ ಹಿತ್ತಾಳೆಯ ಮೈ ಹೊಳೆಯಿಸುತ್ತ ಕುಳಿತಿತ್ತು.

ರಾಚಪ್ಪ ಸದ್ದಿಲ್ಲದೆ ಅಜ್ಜನವರ ಮುಖದ ಮುಂದೆ ಕೈಯಾಡಿಸಿದ. ರೆಪ್ಪೆ ಅಲುಗಲಿಲ್ಲ.

“ಕೈಯಾಡಸಬ್ಯಾಡ, ಗಾಳಿ ಬರ್ತೈತಿ” ಎಂದು ಅಜ್ಜನವರು ನಸುನಕ್ಕರು. “ತಂಬಿಗಿ ಕೊಡು.”

ರಾಚಪ್ಪ ತಂಬಿಗೆಯನ್ನು ಅದರ ಜಾಗದಲ್ಲಿಟ್ಟ. “ಎಂದಿನಿಂದ್ರಿ ಯಪ್ಪಾ?” ಎಂದ.

“ಹನ್ನೊಂದು ವರ್ಷಾತು.”

“ನಮಗ ಯಾಕ ಹೇಳಲಿಲ್ರಿ?”

“ಹೇಳಿದ್ರ ನೀವು ಈ ಎಲಿ ಕಸಗೊಂಡು ನನ್ನ ಗದ್ದಿಗಿ ಮ್ಯಾಲ ಕುಂಡರಸ್ತಿದ್ರಿ. ಆರಾಮ ಕೂಡ್ರಿ, ಪಾದಪೂಜಿ ಮಾಡ್ತೀವಿ ಅಂತಿದ್ರಿ.” ಅಜ್ಜನವರು ಎಲೆಯ ಮೇಲೆ ನೀರು ಚಿಮುಕಿಸಿದರು. “ಕಣ್ಣು ಹೋತು, ಕಾಯಕ ಹೋಗಿಲ್ಲ. ಇದ್ದದ್ದು ಇದ್ದಲ್ಲೇ ಇರಬೇಕು, ಅಷ್ಟ ಸಾಕಿತ್ತು ನನಗ. ನೀವು ಅದನ್ನ ಮಡಿ ಅಂದ್ರಿ. ನನಗ ಕೆಲಸಾತು, ಸುಮ್ಮನಿದ್ದೆ.”

ಆಮೇಲೆ ಅವರು ಕೈಯಲ್ಲಿದ್ದ ಪತ್ರಾವಳಿಯನ್ನು ಮುಗಿಸಿ, ಬೆನ್ನ ಹಿಂದಿನ ಕಟ್ಟಿನ ಮೇಲೆ ಇಟ್ಟು, ರಾಚಪ್ಪನ ಕಡೆ ಮುಖ ತಿರುಗಿಸಿ ಹೇಳಿದ ಮಾತು ಇದೊಂದೇ:

“ನನಗ ಹನ್ನೊಂದು ವರ್ಷ ಮಾಡಿದ್ದನ್ನ ದಾವಲಗೂ ಮಾಡು.”

ರಾಚಪ್ಪ ಅಲ್ಲಿಯೇ ಕುಸಿದು ಅತ್ತ. ಗುರುವಿನ ಕಣ್ಣು ಹೋದುದಕ್ಕಾಗಿ ಸ್ವಲ್ಪ ಅತ್ತ, ತನ್ನ ಕಣ್ಣು ಇದ್ದೂ ಇಲ್ಲದಂತೆ ಇದ್ದುದಕ್ಕಾಗಿ ಬಹಳ ಅತ್ತ. ಅಂಗಡಿಯಲ್ಲಿ ದಾವಲಸಾಬ ತಡಕಾಡಿದ್ದು ಏಕೆಂದು ಈಗ ಹೊಳೆಯಿತು. ಅವನು ತಡಕಾಡಿದ್ದು ಕಣ್ಣಿಲ್ಲದ್ದಕ್ಕಲ್ಲ. ಕೆಲಸದವರೆಲ್ಲ ಬೇಕೆಂದಲ್ಲಿ ಡಬ್ಬಿಯಿಟ್ಟು, ಬೇಕೆಂದಲ್ಲಿ ಚೀಲ ಒಗೆದು ಹೋಗುತ್ತಿದ್ದುದಕ್ಕೆ. ಹೊರಡುವಾಗ ಅಜ್ಜನವರು, “ನಾ ಇರೋತನಕ ಯಾರಿಗೂ ಹೇಳಬ್ಯಾಡ. ಇನ್ನೂ ಬಾಳ ಎಲಿ ಹಚ್ಚೋದೈತಿ” ಎಂದರು. ರಾಚಪ್ಪ ಲಿಂಗ ಮುಟ್ಟಿ ಮಾತು ಕೊಟ್ಟ.

ಮರುದಿನ ಬೆಳಿಗ್ಗೆ ಅವನು ದಾವಲಸಾಬನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಈ ಸಲ ಚೀಲ ತಂದಿರಲಿಲ್ಲ.

“ದಾವಲಾ, ನಾಳಿಂದ ಅಂಗಡಿಗಿ ಬಾ. ಯಾವುದು ಎಲ್ಲಿರಬೇಕು, ನೀ ಹೇಳು. ಹೇಳಿದಲ್ಲಿ ಇಡ್ತೀನಿ.”

ದಾವಲಸಾಬ ದನಿ ಬಂದ ಕಡೆ ಮುಖ ತಿರುಗಿಸಿದ. “ಪಾಪ ಅಂತ ಕರೀತೀರೇನ್ರಿ?”

“ನೀ ಹೋದಮ್ಯಾಲ ಹೊಸಾ ಹಿಪ್ಪಲಿ ಅಂತ ಮೂರು ಮಣ ಹುಳಕ ಹಿಪ್ಪಲಿ ಕೊಂಡೀನಿ. ಪಾಪ ನಂದು.”

ದಾವಲಸಾಬ ನಕ್ಕ. ಕಣ್ಣು ಹೋದ ಮೇಲೆ ಅವನು ನಕ್ಕದ್ದನ್ನು ಅವನ ಹೆಂಡತಿ ಅಂದೇ ಮೊದಲು ಕೇಳಿದ್ದು.

ಎರಡು ದಿನ ಅಂಗಡಿಯ ಬಾಗಿಲು ಹಾಕಿ ಇಬ್ಬರೂ ಸಾಮಾನು ಜೋಡಿಸಿದರು. ದಾವಲಸಾಬ ಹೇಳುತ್ತಿದ್ದ, ಮಾಲಕ ಎತ್ತಿ ಇಡುತ್ತಿದ್ದ. ಮುಟ್ಟಲು ಒಂದೇ ತೆರನಾದ ಬಜೆ ಮತ್ತು ಒಣಶುಂಠಿ ಬೇರೆ ಬೇರೆ ಸಾಲಿಗೆ ಹೋದವು. ಜೀವಕ್ಕೆ ಅಪಾಯ ತರುವಂಥ ನಾಲ್ಕು ಬಗೆಯ ಬೀಜಗಳನ್ನು ದಾವಲಸಾಬನೇ ರಾಚಪ್ಪನ ಬೀಗದ ಪೆಟ್ಟಿಗೆಗೆ ಹಾಕಿಸಿದ. ಭರಣಿಗಳೆಲ್ಲ ಕೆಳಗಿನ ಸಾಲಿಗೆ ಇಳಿದವು. ಬಾಗಿಲಿನಿಂದ ತಕ್ಕಡಿಯವರೆಗಿನ ದಾರಿಯಲ್ಲಿ ಒಂದು ಚೀಲವೂ ಉಳಿಯಲಿಲ್ಲ. ತಕ್ಕಡಿಯ ಮುಳ್ಳನ್ನು ದಾವಲಸಾಬ ಹೆಬ್ಬೆರಳಿನಿಂದ ಮುಟ್ಟಿ ತೂಕ ನೋಡಿದ. ರಾಚಪ್ಪ ಕಣ್ಣಿನಿಂದ ನೋಡಿ ಒಪ್ಪಿದ.

ಕೆಲಸ ಕೊಡುವುದು ಒಂದು ದಿನದ ಮಾತು, ಅದನ್ನು ಉಳಿಸುವುದು ದಿನದಿನದ ಮಾತು. ಮೂರನೆಯ ವಾರದ ಸಂತೆಯ ದಿನ ಅಂಗಡಿ ತುಂಬ ಗಿರಾಕಿಗಳಿದ್ದರು. ಮಗಳ ಬಾಣಂತನಕ್ಕೆ ಒಣಶುಂಠಿ ಒಯ್ಯಲು ಬಂದ ಗೌಡರೊಬ್ಬರಿಗೆ ದಾವಲಸಾಬ ಡಬ್ಬಿ ತೆರೆದು ಕೈ ಹಾಕಿದ, ಮೂಗಿಗೆ ಹಿಡಿದ, ತಟ್ಟನೆ ನಿಂತ. “ಇದು ಬಜಿ. ಶುಂಠಿ ಎಲ್ಲಿ?” ಎಂದು ಅತ್ತಿತ್ತ ತಡವತೊಡಗಿದ.

“ಕಣ್ಣಿದ್ದಾವರು ಸಿಗಲಿಲ್ಲೇನಪಾ ರಾಚಪ್ಪಾ ನಿನಗ?” ಎಂದು ಗೌಡರು ಗಟ್ಟಿಯಾಗಿ ಕೇಳಿದರು. ದಾವಲಸಾಬನ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು.

ಆ ಕೈಯನ್ನು ರಾಚಪ್ಪ ಹಿಂದೆಯೂ ಕಂಡಿದ್ದ, ಮಠದ ಪಡಸಾಲೆಯಲ್ಲಿ. ಅವನು ಗಾದಿಯಿಂದ ಎದ್ದ. ಕಸ ಹೊಡೆಯುವಾಗ ಯಾರೋ ಅದಲುಬದಲು ಮಾಡಿದ್ದ ಎರಡು ಡಬ್ಬಿಗಳನ್ನು ಹುಡುಕಿ, ತನ್ನ ಕೈಯಾರೆ ಅವುಗಳ ಜಾಗಕ್ಕೆ ಸೇರಿಸಿದ. ಗೌಡರ ಕಡೆ ತಿರುಗಿ, “ಡಬ್ಬಿ ಜಾಗಾ ತಪ್ಪಿತ್ರಿ ಗೌಡ್ರ. ಅಂವ ತಪ್ಪಿಲ್ಲ. ಬಜಿನ ಶುಂಠಿ ಅಂತ ನಿಮ್ಮ ಕೈಯಾಗ ಕೊಟ್ಟಿಲ್ಲ, ನೋಡ್ರಿ” ಎಂದ. ದಾವಲಸಾಬನ ಕೈ ಮತ್ತೆ ಚಾಚಿತು. ಶುಂಠಿ ಸಿಕ್ಕಿತು. ಗೌಡರು ಒಂದು ತುಂಡನ್ನು ಮುರಿದು ಮೂಸಿ, ಕಟ್ಟಿಸಿಕೊಂಡು ಹೋದರು.

ಅಂದಿನಿಂದ ಆ ಅಂಗಡಿಗೂ ಒಂದು ಕಟ್ಟಳೆಯಾಯಿತು: ಯಾವ ಡಬ್ಬಿಯನ್ನೂ ಯಾರೂ ಅದರ ಜಾಗದಿಂದ ಸರಿಸುವಂತಿಲ್ಲ. ಹೊನ್ನಕಟ್ಟೆ ಮಠದ ಶಿಷ್ಯನಲ್ಲವೇ, ಅಂಗಡಿಯಲ್ಲೂ ಮಡಿ ತಂದಿದ್ದಾನೆ ಎಂದು ಪೇಟೆಯ ಜನ ಆಡಿಕೊಂಡರು. ಒಬ್ಬ ಮುದುಕಿಯಂತೂ ಚಪ್ಪಲಿ ಬಿಟ್ಟು ಬಂದು ಡಬ್ಬಿಗಳ ಸಾಲಿಗೆ ಕೈಮುಗಿದಳು. ರಾಚಪ್ಪನಿಗೆ ನಗು ಬಂತು. “ಮಡಿ ಅಲ್ಲಬೇ ಯವ್ವಾ, ದಾವಲಸಾಬನ ಕೆಲಸದ ಜಾಗಾ” ಎಂದ. ಮುದುಕಿ ಅದಕ್ಕೂ ಕೈಮುಗಿದಳು.

ಮುಂದಿನ ಸೋಮವಾರ ಪೂಜ್ಯರು, “ದಾವಲಗ ಜ್ವಾಳ ಕಳಿಸಿದೇನು?” ಎಂದು ಕೇಳಿದರು. “ಇಲ್ರಿ ಅಜ್ಜಾರ, ಪಗಾರ ಕೊಟ್ಟೆ” ಎಂದ ರಾಚಪ್ಪ. ಅಜ್ಜನವರು ನಾಲ್ಕು ಎಲೆಗಳನ್ನು ಅವನ ಮುಂದಿಟ್ಟರು. ಹದಿನೈದು ವರ್ಷ ಸುಮ್ಮನೆ ಕುಳಿತು ಹೋಗುತ್ತಿದ್ದ ಭಕ್ತ ಅಂದು ಮೊದಲ ಸಲ ಎಲೆ ಹಚ್ಚಿದ. ಅವನ ಪತ್ರಾವಳಿ ಸೋರುತ್ತಿತ್ತು. ಅಜ್ಜನವರು ಬೆರಳಾಡಿಸಿ ನೋಡಿ, ಬಿಚ್ಚಿ, ಮತ್ತೆ ಹಚ್ಚಲು ಹೇಳಿದರು.

ಪೂಜ್ಯರು ಲಿಂಗೈಕ್ಯರಾದುದು ಅದಾಗಿ ಆರು ವರ್ಷಕ್ಕೆ. ಹಿಂದಿನ ದಿನದವರೆಗೂ ಎಲೆ ಹಚ್ಚಿದ್ದರು. ಅವರ ತಂಬಿಗೆ, ಬಟ್ಟಲು, ಗೋಣಿತಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸಬೇಕೆಂದು ಭಕ್ತರು ನಿಶ್ಚಯಿಸಿದಾಗ ರಾಚಪ್ಪ ಎದ್ದು ನಿಂತು, ಕಾಪಾಡಿಕೊಂಡು ಬಂದ ಮಾತನ್ನು ಸಭೆಯ ಮುಂದೆ ಬಿಚ್ಚಿಟ್ಟ. ಕೇಳಿದವರಲ್ಲಿ ಅಳದವರಿಲ್ಲ. ಕೊನೆಗೆ ಅವನು, “ಗಾಜಿನ ಪೆಟಗಿ ಬ್ಯಾಡ್ರಿ. ಅಜ್ಜಾರು ಆ ಜಾಗಾ ಕಾಯ್ದದ್ದು ಕೆಲಸಕ್ಕ” ಎಂದು ಕೈಮುಗಿದ.

ಈಗ ಆ ಕಂಬದ ಬುಡದಲ್ಲಿ ಹುಟ್ಟುಕುರುಡಿಯಾದ ಸಾವಂತ್ರವ್ವ ಕುಳಿತು ದಾಸೋಹದ ಪತ್ರಾವಳಿ ಹಚ್ಚುತ್ತಾಳೆ. ಮಠದಿಂದ ಅವಳಿಗೆ ಪಗಾರವಿದೆ. ಎಡಕ್ಕೆ ಎಲೆಯ ರಾಶಿ, ಬಲಕ್ಕೆ ಬಟ್ಟಲು, ಅದರಾಚೆ ಒಂದು ಗೇಣು ಬಿಟ್ಟು ಅದೇ ತಂಬಿಗೆ. ಸಾವಿರ ಜನ ಬಂದುಹೋಗುವ ಆ ಪಡಸಾಲೆಯಲ್ಲಿ ಅದನ್ನು ಇಂದಿಗೂ ಯಾರೂ ಸರಿಸುವುದಿಲ್ಲ. ಏಕೆಂದು ಈಗ ಎಲ್ಲರಿಗೂ ಗೊತ್ತಿದೆ.