ಗೋಡೆಯ ಮೇಲಿಲ್ಲದ ಸಪ್ಪಳ

"ಲೊಟ... ಅಲ್ಲ. ಲೊಡ... ಲೊಡ ಏನೋ. ನಮ್ಮ ಉಸ್ತಾದರು ಇದಕ್ಕೊಂದು ಹೆಸರು ಹೇಳತಿದ್ರು," ಎಂದಳು ತಂಗೆವ್ವ, ಕಬ್ಬಿಣ ಕೊರೆಯುವ ಮಿಲ್ಲಿಂಗ್ ಮಷೀನಿನ ತಲೆಯ ಕಡೆ ಕಿವಿಗೊಟ್ಟು. "ನಾಲಿಗಿ ತುದಿ ಮ್ಯಾಲೆ ಕುಂತೈತಿ, ಇಳಿವಲ್ದು."

ನರ್ಮದೆಯ ದಂಡೆಯ ಆಶ್ರಮದಲ್ಲಿ ಅದೊಂದು ತಗಡಿನ ಶೆಡ್ಡು. ಹಳ್ಳಿಗಳ ಕೈಪಂಪಿನ ಭಾಗಗಳು ಅಲ್ಲಿ ತಯಾರಾಗುತ್ತಿದ್ದವು. ನಲವತ್ತು ವರ್ಷದ ಹಿಂದೆ ಗದಗಿನಿಂದ ಬಂದ ತಂಗೆವ್ವ ಅಲ್ಲಿ ಗುರು, ಮೊಮ್ಮಗಳು ರೇವಾ ಶಿಷ್ಯೆ. ಹೊಸ್ತಿಲಿನ ಹೊರಗೆ ಅವರು ಆಯಿ ಮತ್ತು ಕೂಸು. ಒಳಗೆ ಆ ಮಾತು ನಡೆಯುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಮಷೀನು ಸಪ್ಪಳ ಮಾಡಿದರೆ ಮೊದಲು ಆ ಸಪ್ಪಳದ ಹೆಸರು ಹೇಳಬೇಕು, ಆಮೇಲೆ ಬೋಲ್ಟು ಬಿಚ್ಚುವ ಪಾನಾ ಮುಟ್ಟಬೇಕು. ಬಿಳಿ ಗೋಡೆಯ ಮೇಲೆ ಕರಿ ಬಣ್ಣದ ಕನ್ನಡದಲ್ಲಿ ಹೆಸರುಗಳಿದ್ದವು. ಗರಗರ, ಬೇರಿಂಗು. ಕಿರ್ರ್, ಬೆಲ್ಟು. ಕಟ್‌ಕಟ್, ಗೇರಿನ ಹಲ್ಲು.

"ಗರಗರ, ಗುರುಗಳೇ," ಎಂದಳು ರೇವಾ.

"ಖರೇನೂ?"

"ಖರೇ."

ತಂಗೆವ್ವ ಪಾನಾ ಕೊಟ್ಟಳು.

ಎರಡು ದಿನ ರೇವಾ ತಲೆ ಬಿಚ್ಚಿ, ಬೇರಿಂಗು ಬದಲಿಸಿ, ಮತ್ತೆ ಕೂಡಿಸಿದಳು. ಗುಂಡಿ ಒತ್ತಿದಳು. ಅದೇ ಸಪ್ಪಳ.

ಆಶ್ರಮದ ವ್ಯವಸ್ಥಾಪಕ ಹರಗೋವಿಂದಭಾಯಿ ಬಾಗಿಲಲ್ಲೇ ನಿಂತಿದ್ದ. "ತಾಯಿ, ನಿಮಗೆ ಕೈ ನಡುಗುತ್ತದೆ. ಹುಡುಗಿಗೆ ಕಿವಿ ಇಲ್ಲ. ಶನಿವಾರದೊಳಗೆ ಸರಿಹೋಗದಿದ್ದರೆ ಮಷೀನು ಪಟ್ಟಣಕ್ಕೆ ಹೋಗಲಿ. ಶೆಡ್ಡಿನಲ್ಲಿ ದನ ಕಟ್ಟೋಣ."

"ದನಾ ಭಾಳ ಶಾಣ್ಯಾ," ಎಂದಳು ತಂಗೆವ್ವ. "ಸಪ್ಪಳ ಕೇಳಿದ್ರ ಓಡಿಹೋಗತಾವು. ನಿಮ್ಮಂಗ ಬಾಗಿಲದಾಗ ನಿಂದ್ರಂಗಿಲ್ಲ."

ಅವನು ಹೋದ. ರೇವಾಳ ಕಣ್ಣು ತುಂಬಿತು. "ಗೋಡಿ ಮ್ಯಾಲೆ ಬರೆದಿದ್ದನ್ನೇ ಹೇಳಿದೆ, ಗುರುಗಳೇ."

"ಮಷೀನು ಏನಂತೈತಿ ಅಂತ ನಾ ಕೇಳಿದೆ. ಗೋಡಿ ಏನಂತೈತಿ ಅಂತ ನೀ ಹೇಳಿದಿ."

"ಹಂಗಾರ ಖರೇ ಹೆಸರು ನೀವ ಹೇಳ್ರಿ."

"ನೆನಪಿದ್ರೂ ಹೇಳತಿದ್ದಿಲ್ಲ. ಪುಣ್ಯಾಕ್ಕ ನೆನಪೂ ಇಲ್ಲ."

ತಂಗೆವ್ವ ಎದ್ದು ಅಡುಗೆಮನೆಯ ಪಡಸಾಲೆಗೆ ಹೋದಳು. ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕುಳಿತು, ಕಾಳು ಹಾಕದೆ ಬೀಸತೊಡಗಿದಳು. ಕೈಯಲ್ಲಿ ಹಿಡಿದ ಗೂಟ ಕಲ್ಲಿನ ತೂತಿನಲ್ಲಿ ಲೊಡಗುಟ್ಟಿತು.

"ಆಯಿ, ಖಾಲಿ ಬೀಸಬ್ಯಾಡ. ಕಲ್ಲು ಸವಿತೈತಿ," ಎಂದಳು ಹಿಂದೆಯೇ ಬಂದ ರೇವಾ.

ತಂಗೆವ್ವ ಒಂದು ಹಿಡಿ ಜೋಳ ಹಾಕಿದಳು. ಗೂಟದ ಲೊಡಗು ನಿಂತಿತು. ಜೋಳ ತೀರಿತು, ಲೊಡಗು ಮರಳಿತು. ಅವಳು ಇನ್ನೊಂದು ಹಿಡಿ ಹಾಕಲಿಲ್ಲ. ಬೀಸುತ್ತಲೇ ಇದ್ದಳು.

ರೇವಾ ಬಗ್ಗಿ ಗೂಟ ಹಿಡಿದು ಅಲ್ಲಾಡಿಸಿದಳು. ತೂತು ದೊಡ್ಡದಾಗಿತ್ತು.

ಅವಳು ಶೆಡ್ಡಿಗೆ ಓಡಿದಳು.

ಕಬ್ಬಿಣದ ತುಂಡೊಂದನ್ನು ಬಿಗಿದು, ಕಟರ್ ಹಾಕಿ ಗುಂಡಿ ಒತ್ತಿದಳು. ಸಪ್ಪಳ. ತುಂಡನ್ನು ಮೆಲ್ಲಗೆ ಕಟರಿನ ಬಾಯಿಗೆ ಕೊಟ್ಟಳು. ಚಕ್ಕೆ ಹಾರಿತು, ಸಪ್ಪಳ ಹೋಯಿತು. ಹಿಂದೆ ತಂದಳು. ಮತ್ತೆ ಸಪ್ಪಳ.

ಕೆಟ್ಟ ಬೇರಿಂಗು ಭಾರ ಬಿದ್ದರೆ ಹೆಚ್ಚು ಕೂಗಬೇಕು. ಇದು ಕೆಲಸ ಕೊಟ್ಟರೆ ಸುಮ್ಮನಾಗುತ್ತಿತ್ತು.

ಮಷೀನು ನಿಲ್ಲಿಸಿ ಬೆಲ್ಟು ಕಳಚಿದಳು. ಒಂದು ಕೈಯಲ್ಲಿ ಬೆಲ್ಟು ಓಡುವ ಪುಲ್ಲಿ, ಇನ್ನೊಂದರಲ್ಲಿ ಕಟರ್ ತಿರುಗಿಸುವ ಸ್ಪಿಂಡಲ್ಲು ಹಿಡಿದು ಎದುರುಬದುರು ತಿರುಗಿಸಿದಳು. ನಡುವೆ ಉಗುರಿನಷ್ಟು ಸಡಿಲು. ಪುಲ್ಲಿಯೊಳಗಿನ ಬಳೆಯಂಥ ಬುಷ್ಷಿನಲ್ಲಿ, ಸ್ಪಿಂಡಲ್ಲಿನ ಹಲ್ಲು ಕೂರುವ ತೋಡುಗಳೆಲ್ಲ ಸವೆದಿದ್ದವು.

ಹೊಸ ಬುಷ್ಷಿಗೆ ಅವಳು ಕೈ ಅರದಿಂದ ಒಂದೊಂದೇ ತೋಡು ಕೊರೆದಳು. ಮೊದಲನೆಯ ಬುಷ್ಷು ಕೂದಲಿನಷ್ಟು ಸಡಿಲಾಯಿತು. ಯಾರೂ ಹೇಳದಿದ್ದರೂ ಗುಜರಿ ಡಬ್ಬಿಗೆ ಎಸೆದಳು. ಎರಡನೆಯದು ಗ್ರೀಸು ಹಚ್ಚಿ ಅಂಗೈಯಿಂದ ಒತ್ತಿದರೆ ಮಾತ್ರ ಕೂತಿತು.

ಶನಿವಾರ ಬೆಳಿಗ್ಗೆ ಹರಗೋವಿಂದಭಾಯಿ ಬಂದು ಬಾಗಿಲಲ್ಲಿ ನಿಂತ. ರೇವಾ ಗುಂಡಿ ಒತ್ತಿದಳು.

ಅವನು ಸ್ವಲ್ಪ ಹೊತ್ತು ಕಾದ. "ಚಾಲೂ ಮಾಡಮ್ಮ, ನನಗೆ ಬೇರೆ ಕೆಲಸ ಇದೆ."

"ಚಾಲೂ ಐತ್ರಿ," ಎಂದಳು ರೇವಾ.

ತಂಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹರಗೋವಿಂದಭಾಯಿ ತಿರುಗುವ ಕಟರನ್ನು ನೋಡಿದ, ಮುದುಕಿಯನ್ನು ನೋಡಿದ. ಚಪ್ಪಲಿ ಹೊರಗೆ ಬಿಟ್ಟು, ಮೊದಲ ಸಲ ಒಳಗೆ ಬಂದ.

"ಈಗ ಹೇಳು," ಎಂದಳು ತಂಗೆವ್ವ ಶಿಷ್ಯೆಗೆ. "ಹೋದ ಸಪ್ಪಳದ ಹೆಸರೇನು?"

ರೇವಾ ಕಣ್ಣು ಮುಚ್ಚಿದಳು. "ಲೊಡಗೂಟ... ಲೊಡಗೂಟ... ಲೊಡಗೂಟ." ಕಣ್ಣು ತೆರೆದಳು. "ನಿಮ್ಮ ಉಸ್ತಾದರು ಹೇಳಿದ್ದು ಇದನೇನು?"

ತಂಗೆವ್ವ ಬಹಳ ಹೊತ್ತು ಆ ಮಾತನ್ನು ಬಾಯಲ್ಲಿ ಆಡಿಸಿದಳು.

"ಅಲ್ಲ. ಅವರದು ಗದಗಿಂದು. ಇದು ಇಲ್ಲಿದು."

ಮೂಲೆಯಿಂದ ಕರಿ ಬಣ್ಣದ ಡಬ್ಬಿ ತಂದು ಮುಚ್ಚಳ ತೆಗೆದಳು. ಕುಂಚವನ್ನು ಅದ್ದಿ, ರೇವಾಳ ಕಡೆ ಚಾಚಿದಳು.

"ನನ್ನ ಕೈ ನಡಗತೈತಿ, ಕೂಸ. ಗೋಡಿ ಮ್ಯಾಲೆ ನೀನ ಬರಿ. ಕೆಳಗ ಜಾಗಾ ಬಿಡು."