ಮೂಲೆ ಕೊಟ್ಟ ಓಣಿ

ಈ ದ್ವೀಪದ ಹಳೆಯ ಗ್ರೀಕ್ ಕೇರಿಗೆ ಬಂದವರೆಲ್ಲ ಮೊದಲು ಫೋಟೋ ತೆಗೆಯುವುದು ಒಂದೇ ಓಣಿಯದು. ಉಳಿದ ಓಣಿಗಳು ಮೆಟ್ಟಿಲು ಮೆಟ್ಟಿಲಾಗಿ ನೇರ ಬಂದರಿಗೆ ಇಳಿದರೆ, ಇದೊಂದು ಮಾತ್ರ ಮೆಟ್ಟಿಲೇ ಇಲ್ಲದೆ, ಹನ್ನೊಂದು ಕಡೆ ತಿರುಗಿ ನಿಧಾನವಾಗಿ ಇಳಿಯುತ್ತದೆ. ನಾನು ಕಾರವಾರದವನು. ಹಡಗಿನಲ್ಲಿ ದುಡಿದು, ಇಲ್ಲಿಯ ಹೆಣ್ಣನ್ನು ಮದುವೆಯಾಗಿ, ಮೂವತ್ತು ವರ್ಷದಿಂದ ಇದರ ನಾಲ್ಕನೆಯ ತಿರುವಿನಲ್ಲಿದ್ದೇನೆ. ಬೆಳಗ್ಗೆ ಬಾಗಿಲು ತೆರೆದರೆ ಯಾರಾದರೊಬ್ಬರು ಕ್ಯಾಮರಾ ಹಿಡಿದು ನಿಂತಿರುತ್ತಾರೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಎಷ್ಟು ದೇಶದವರ ಆಲ್ಬಮ್ ಸೇರಿದ್ದೇನೋ ದೇವರೇ ಬಲ್ಲ. ಕಡಲ್ಗಳ್ಳರ ದಿಕ್ಕು ತಪ್ಪಿಸಲು ಹೀಗೆ ಕಟ್ಟಿದರೆಂದು ಗೈಡುಗಳು ಅವರಿಗೆ ಹೇಳುತ್ತಾರೆ. ಅದೆಲ್ಲ ಬರೀ ಬೊಗಳೆ. ಊರವರು ಇದನ್ನು ಮೂಲೆ ಕೊಟ್ಟ ಓಣಿ ಎನ್ನುತ್ತಾರೆ. ಆ ಹೆಸರು ಬಂದ ಬಗೆಯನ್ನು ನನ್ನ ಅತ್ತೆ ಹೇಳಿದಂತೆಯೇ ಬರೆದಿಡುತ್ತೇನೆ.

ಹಿಂದೊಂದು ಕಾಲದಲ್ಲಿ ಈ ಊರಿನ ಗಂಡಸರೆಲ್ಲ ಕಡಲಿನ ತಳದಲ್ಲಿ ಬೆಳೆಯುವ, ಮೈ ಉಜ್ಜುವ ಸ್ಪಂಜನ್ನು ಕಿತ್ತು ತರುತ್ತಿದ್ದರಂತೆ. ಈಸ್ಟರ್ ಹಬ್ಬ ಮುಗಿಸಿ ದೋಣಿಗಳು ಹೊರಟರೆ ತಿರುಗಿ ಬರುವುದು ಚಳಿಗಾಲದ ಹೊತ್ತಿಗೆ. ಅವರಲ್ಲಿ ಸ್ತಮಾತಿಸ್ ಎಂಬವನಷ್ಟು ಆಳಕ್ಕೆ ಮುಳುಗುವವರು ಬೇರೆ ಇರಲಿಲ್ಲ ಎನ್ನುತ್ತಾರೆ. ಒಂದು ದಿನ ಎರಡು ಬಾರಿ ಮುಳುಗಿ ದಣಿದು ಬಂದವನನ್ನು ಕಪ್ತಾನ ಲೆಫ್ತೇರಿಸ್ ಇನ್ನೊಮ್ಮೆ ಇಳಿ ಎಂದ. ಮೂರನೆಯ ಸಲ ಮೇಲೆ ಬಂದಾಗ ಸೊಂಟದ ಕೆಳಗೆ ಜೀವವೇ ಇರಲಿಲ್ಲ. ಆಳದಿಂದ ಬಂದವರಿಗೆ ಹೀಗೇಕಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಕಪ್ತಾನನಿಗೂ ಗೊತ್ತಿರಲಿಲ್ಲ. ಗುಡ್ಡದ ತುದಿಯ ಮನೆಗೆ ಹೊತ್ತು ತಂದು ಮಲಗಿಸಿದರು. ಆಮೇಲೆ ಮೂರು ವರ್ಷ ಸ್ತಮಾತಿಸ್ ಕೆಳಗಿಳಿಯಲಿಲ್ಲ. ಗೆಳೆಯರು ಹೆಗಲು ಕೊಡಲು ಬಂದರೆ, "ನಾನೇನು ಮೂಟೆಯೇ? ಇಳಿದರೆ ನನ್ನ ಕೈಯಿಂದಲೇ ಇಳಿಯುತ್ತೇನೆ" ಎನ್ನುತ್ತಿದ್ದ. ಬರುಬರುತ್ತ ಆ ಮಾತೂ ನಿಂತಿತು, ಊಟವೂ ಅರ್ಧಕ್ಕೆ ನಿಂತಿತು.

ಅವನ ಹೆಂಡತಿ ಕಲಿಯೋಪಿ ಹೆದರಿದಳು. ಕಡಲು ಮುಟ್ಟದಿದ್ದರೆ ಈ ಜೀವ ಉಳಿಯದೆಂದು ಅವಳಿಗೆ ಖಚಿತವಾಯಿತು. ಬಡಗಿಯಿಂದ ಒಂದು ಹಲಗೆಗೆ ನಾಲ್ಕು ಗಾಲಿ ಹಾಕಿಸಿದಳು. ಆದರೆ ಗಾಲಿ ಮೆಟ್ಟಿಲಿಳಿಯುತ್ತದೆಯೇ? ಮೆಟ್ಟಿಲು ಒಡೆದು ನೇರ ಇಳಿಜಾರು ಮಾಡಿದರೆ ಮನುಷ್ಯ ಸೀದಾ ಸಮುದ್ರಕ್ಕೇ ಬಿದ್ದಾನು. ಸುತ್ತಿಸಿ ಇಳಿಸಬೇಕು, ಸುತ್ತಿಸಲು ಜನರ ಮನೆಯ ಜಾಗ ಬೇಕು. ಅವಳು ಮನೆಮನೆ ಹತ್ತಿ ಒಂದೊಂದು ಮೂಲೆ ಬೇಡಿದಳು. ಒಬ್ಬರು ಜಗಲಿ ಕತ್ತರಿಸಿದರು, ಒಬ್ಬರು ರೊಟ್ಟಿ ಸುಡುವ ಒಲೆಯನ್ನೇ ಕಿತ್ತು ಹಿತ್ತಲಿಗೆ ಹಾಕಿದರು, ಒಬ್ಬಾಕೆ ಗೊಣಗುತ್ತಲೇ ಅಂಜೂರದ ಮರ ಕಡಿಸಿದಳು. ಹತ್ತು ತಿರುವು ಮುಗಿದವು. ಹನ್ನೊಂದನೆಯದು ಬಂದರಿನ ಬಾಯಲ್ಲಿದ್ದ ಲೆಫ್ತೇರಿಸನ ಮನೆ. ಅವನು ಮೂಲೆ ಕೊಡಲೊಲ್ಲ. ಅದಿಲ್ಲದಿದ್ದರೆ ಉಳಿದ ಹತ್ತೂ ದಂಡ. ಅವನ ದೋಣಿ ಹೊರಟರೆ ಮತ್ತೆ ಚಳಿಗಾಲದವರೆಗೆ ಕಾಯಬೇಕು. ಹೊರಡಲು ಎರಡೇ ದಿನ ಉಳಿದಿದ್ದಾಗ ಕಲಿಯೋಪಿ ಅವನ ಬಾಗಿಲಲ್ಲಿ ಹೋಗಿ ನಿಂತಳು.

"ಈ ಗೋಡೆ ಒಡೆದರೆ, ತಪ್ಪು ನನ್ನದೇ ಅಂತ ಒಪ್ಪಿಕೊಂಡ ಅನ್ನುತ್ತದಮ್ಮ ಊರು" ಎಂದ ಕಪ್ತಾನ.

"ಒಡೆಯದಿದ್ದರೂ ಊರು ಅದನ್ನೇ ಅನ್ನುತ್ತಿದೆ, ಕಪ್ತಾನರೇ. ನಾನು ತಪ್ಪು ಯಾರದೆಂದು ಕೇಳಲು ಬಂದಿಲ್ಲ. ಗಾಲಿ ಹೊರಳಲು ಎರಡು ಮೊಳ ಜಾಗ ಕೇಳಲು ಬಂದಿದ್ದೇನೆ."

ಮರುದಿನ ಬೆಳಗ್ಗೆ ಊರು ಎದ್ದದ್ದು ಹಾರೆಯ ಸದ್ದಿಗೆ. ಲೆಫ್ತೇರಿಸ್ ಆಳುಗಳನ್ನು ಕರೆಯದೆ ತಾನೇ ಗೋಡೆ ಒಡೆಯುತ್ತಿದ್ದ. ಸಂಜೆಯವರೆಗೂ ಒಡೆದ, ಯಾರನ್ನೂ ಹತ್ತಿರ ಬಿಡಲಿಲ್ಲ. ಅದರ ಮಾರನೆಯ ದಿನ ಸ್ತಮಾತಿಸ್ ಹಲಗೆಯ ಮೇಲೆ ಕುಳಿತು, ಎರಡೂ ಅಂಗೈಗಳಿಂದ ನೆಲ ಒತ್ತುತ್ತ, ಹನ್ನೊಂದು ತಿರುವು ತಿರುಗಿ ಇಳಿದ. ಕೊನೆಯ ತಿರುವಿನಲ್ಲಿ ಕಪ್ತಾನ ಬಗ್ಗಿ, "ಕೈ ಹಾಕಲೇ?" ಎಂದು ಕೇಳಿದನಂತೆ. "ಬೇಡ. ಜಾಗ ಕೊಟ್ಟಿದ್ದೀರಲ್ಲ, ಅಷ್ಟು ಸಾಕು" ಎಂದು ಸ್ತಮಾತಿಸ್ ಮುಂದೆ ಹೋದ. ಕಡಲಿಗೆ ಕೈಯದ್ದಿ ಮುಖ ತೊಳೆದುಕೊಂಡ. ಆಮೇಲೆ ಇಪ್ಪತ್ತು ವರ್ಷ ದಿನಾ ಇಳಿದ, ದಿನಾ ಹತ್ತಿದ ಎನ್ನುತ್ತಾರೆ.

ಈಗಲೂ ಈಸ್ಟರಿಗೆ ಮುಂಚೆ ಓಣಿಯ ಎಲ್ಲ ಗೋಡೆಗಳಿಗೂ ಸುಣ್ಣ ಬಳಿಯುತ್ತಾರೆ. ಹನ್ನೊಂದನೆಯ ತಿರುವಿನ ಒಂದು ಮೂಲೆ ಮಾತ್ರ ಸುಣ್ಣವಿಲ್ಲದೆ, ಗಾರೆಯಿಲ್ಲದೆ, ಹಾರೆಯ ಏಟು ಬಿದ್ದ ಕಲ್ಲುಗಳೊಂದಿಗೆ ಹಾಗೆಯೇ ನಿಂತಿದೆ. ಅಂದ ಕೆಡುತ್ತದೆಂದು ಪ್ರವಾಸಿಗಳು ಅದನ್ನು ಬಿಟ್ಟು ಫೋಟೋ ತೆಗೆಯುತ್ತಾರೆ. ಸರಿ ಮಾಡಿಸಬಾರದೇ ಎಂದು ಕೇಳಿದರೆ, ಕಪ್ತಾನನ ವಂಶದ ಹೆಂಗಸು ಸುಣ್ಣದ ಕುಂಚವನ್ನು ಆ ಕಲ್ಲಿನ ಅಂಚಿಗೆ ತಂದು ನಿಲ್ಲಿಸಿ, "ಮುಚ್ಚಬೇಡಿ ಅಂತ ಮುತ್ತಜ್ಜ ಹೇಳಿದ್ದಾರೆ" ಎನ್ನುತ್ತಾಳೆ.