ರಾಹೇಲಮ್ಮನವರು ಬೀಗ ತೆಗೆಸಿದ್ದು

ನೇಕಾರ ಓಣಿಯ ಕೊನೆಯ ಮಣ್ಣಿನ ಮನೆಯಲ್ಲಿ ಪೂಜ್ಯ ರಾಹೇಲಮ್ಮನವರು ವಾಸವಾಗಿದ್ದರು. ಮನೆಮನೆಗೆ ಹೋಗಿ ಹೆಂಗಸರಿಗೆ ಸುವಾರ್ತೆ ಓದಿಹೇಳುವುದು ಅವರ ಸೇವೆ. ಅವರಿಗಿದ್ದದ್ದು ಎರಡೇ ಸೀರೆ. ಮೂರನೆಯದೂ ಇತ್ತೆಂದು ನಮ್ಮ ಅತ್ತೆ ವಾದಿಸುತ್ತಾರೆ; ಸಂತರ ಕಥೆಗೆ ಎರಡೇ ಚೆಂದವೆಂದು ನಾನು ಒಂದನ್ನು ಮಡಚಿಟ್ಟಿದ್ದೇನೆ.

ಆ ಬೇಸಿಗೆ ಊರಿಗೆ ಕಾಲರಾ ಬಂದಿತ್ತು. ಬೆಳಿಗ್ಗೆ ಮಗ್ಗದ ಸದ್ದು ಕೇಳಿದ ಮನೆಯಲ್ಲಿ ಸಂಜೆ ಅಳು ಕೇಳುತ್ತಿತ್ತು. ಓಣಿಯ ಕ್ರೈಸ್ತರು ತಾವೇ ಕಲ್ಲು ಹೊತ್ತು ಕಟ್ಟಿದ ಹೊಸ ದೇವಾಲಯ ಮಾತ್ರ ಬೀಗ ಹಾಕಿಸಿಕೊಂಡು ಭಾನುವಾರದ ಪ್ರತಿಷ್ಠೆಗೆ ಕಾಯುತ್ತಿತ್ತು. ಬೀಗದ ಕೈ ಸಭೆಯ ಹಿರಿಯರಾದ ತಿಮೊಥೆಯಪ್ಪನವರ ಸೊಂಟದಲ್ಲಿತ್ತು.

ಗುರುವಾರ ಮಧ್ಯಾಹ್ನ ಕೊಟ್ರಪ್ಪನೆಂಬ ಪರವೂರಿನ ನೇಕಾರ ಹೆಂಡತಿ ಶಂಕ್ರವ್ವನನ್ನು ಎತ್ತಿನ ಚಕ್ಕಡಿಯಲ್ಲಿ ತಂದನು. ಅವಳ ಕಣ್ಣುಗಳು ಗುಳಿಬಿದ್ದಿದ್ದವು, ಬೆರಳುಗಳು ತಣ್ಣಗಾಗಿದ್ದವು. ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಯಪ್ಪಾ, ಇಕಿಗೆ ಒಂದೀಟು ನೆರಳು ಕೊಡ್ರಿ," ಎಂದು ಅವನು ದೇವಾಲಯದ ಮೆಟ್ಟಿಲ ಮೇಲೆ ಕುಸಿದ.

"ಬ್ಯಾನಿ ಒಳಗ ಹೊಕ್ರ ನಮ್ಮ ಮಂದೀನೂ ಸಾಯ್ತೈತಿ," ಎಂದರು ತಿಮೊಥೆಯಪ್ಪನವರು. "ಇರೋದಽ ಒಂದು ಮುಷ್ಟಿ ಮಂದಿ. ಅದೂ ಹೋದ್ರ ದೇವರ ಕೆಲಸ ಮಾಡಾವ್ರು ಯಾರೋ?" ಅವರ ಭಯ ಸುಳ್ಳಲ್ಲ. ಹಿಂದಿನ ಕಾಲರಾದಲ್ಲಿ ಸ್ವಂತ ತಮ್ಮನನ್ನು ಹೂಳಿದ್ದರು.

"ಹಂಗಾರ ನಿಮ್ಮ ಸಭಿಗೇ ಸೇರ್ತೇನ್ರಿ! ಈಗಿಂದೀಗ ನನ್ನ ತಲಿಗೆ ನೀರು ಹಾಕ್ರಿ!"

ಒಂದು ಆತ್ಮ ಸಿಕ್ಕಿತಲ್ಲ! ಹಿರಿಯರ ಕೈ ಸೊಂಟಕ್ಕೆ ಹೋಯಿತು. ಅಷ್ಟರಲ್ಲಿ ಗದ್ದಲ ಕೇಳಿ ರಾಹೇಲಮ್ಮನವರು ಬಂದರು.

"ಬ್ಯಾಡ ತಮ್ಮಾ, ನಂಬಿಗಿ ಅಂದ್ರ ಬಾಗಿಲಿನ ಬಾಡಿಗಿ ಅಲ್ಲ," ಎಂದು ಕೊಟ್ರಪ್ಪನಿಗೆ ಹೇಳಿ, ಹಿರಿಯರತ್ತ ತಿರುಗಿದರು. "ತಿಮೊಥೆಪ್ಪಾ, ಕರ್ತ ಕರೆದಾಗ ನಾವೂ ಹೊರಗಽ ಇದ್ವಿ. ತೆಗಿ."

ಹಿರಿಯರು ಬೀಗ ತೆಗೆದು ಪಕ್ಕಕ್ಕೆ ಸರಿದರು.

ಸಂಜೆಯೊಳಗೆ ಇನ್ನೂ ಚಕ್ಕಡಿಗಳು ಬಂದವು. ರಾಹೇಲಮ್ಮನವರು ಶಂಕ್ರವ್ವನ ಬಾಯಿಗೆ ಹನಿಹನಿಯಾಗಿ ಗಂಜಿ ಬಿಡುತ್ತ ಕುಳಿತರು. ಅದು ನಿಲ್ಲುವುದೋ ಹೊರಬರುವುದೋ ಎಂದು ಪ್ರತಿ ಗುಟುಕಿಗೂ ಎಲ್ಲರೂ ಬಗ್ಗಿ ನೋಡುತ್ತಿದ್ದರು. ತಿಮೊಥೆಯಪ್ಪನವರು ಅಂದು ಹೊಸ್ತಿಲು ದಾಟಲಿಲ್ಲ. ಮರುದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಬಂದರು. ಶನಿವಾರ ಆ ಬಟ್ಟೆಯನ್ನೇ ಬಿಚ್ಚಿ ನೆಲ ಒರೆಸುತ್ತಿದ್ದರು. ಅದೇ ದಿನ ಶಂಕ್ರವ್ವ ಕಣ್ಣುಬಿಟ್ಟು, ಗಂಜಿಗೆ ಉಪ್ಪು ಸಾಲದೆಂದು ಗೊಣಗಿದಳು. ಕೊಟ್ರಪ್ಪ ಗಳಗಳನೆ ಅತ್ತ. ಅವನು ಮುಂದೆ ದೀಕ್ಷಾಸ್ನಾನ ಪಡೆದನೆ? ಹೌದೆಂದರೆ ಕಥೆಗೆ ಮೆರುಗು. ಆದರೆ ನನಗೆ ಗೊತ್ತಿಲ್ಲ. ರಾಹೇಲಮ್ಮನವರು ಅವನಿಗೆ ಯೇಸುಸ್ವಾಮಿಯ ವಿಷಯ ಹೇಳಿದರು, ಉತ್ತರಕ್ಕೆ ಅವಸರ ಮಾಡಲಿಲ್ಲ.

ಭಾನುವಾರ ಪ್ರತಿಷ್ಠೆಗೆ ಬಂದ ದೊಡ್ಡ ಪಾದ್ರಿಗಳಿಗೆ ಕಂಡದ್ದು ಸಾಲುಸಾಲು ಚಾಪೆಗಳ ಮೇಲೆ ರೋಗಿಗಳು, ನಡುವೆ ಮೊಣಕಾಲೂರಿದ ಹಿರಿಯರೊಬ್ಬರೇ.

"ತಿಮೊಥೆಯಪ್ಪನವರೇ, ಸಭೆ ಎಲ್ಲಿ?"

ಹಿರಿಯರು ಕೈಯ ಅರಿವೆ ಹಿಂಡುತ್ತ ತಲೆಯೆತ್ತಿದರು. "ನೀರು ತರಾಕ ಹೋಗೇತ್ರಿ. ನೀವೂ ಒಂದು ಕೊಡ ತಗೋರಿ."